ಎಣಿಸುವವನಿಗೆ ನಂಬರಿಲ್ಲ

ತಾರೀಖು ಹದಿನಾಲ್ಕು, ಭಾನುವಾರ
ಬೆಳಗಿನ ಎರಡನೇ ಕಾಫಿ ಆದಮೇಲೆ

ನನ್ನ ಚಿನಕುರುಳಿಗೆ ದೊಡ್ಡಮಾವನ ಆಶೀರ್ವಾದ. ಜೊತೆಗೆ ಒಂದು ಸಣ್ಣ ಜಗಳ.

ನಿನ್ನ ಕಾಗದ ತಲುಪಿತು. ಬರೀ ನಾಲ್ಕು ಸಾಲು. ಮೊದಲನೆಯದರಲ್ಲಿ ನನ್ನ ಆರೋಗ್ಯ ಕೇಳಿದ್ದೀಯ, ಎರಡನೆಯದರಲ್ಲಿ ನಿಮ್ಮತ್ತೆಯ ಆರೋಗ್ಯ ಕೇಳಿದ್ದೀಯ, ಮೂರನೆಯದರಲ್ಲಿ ಈ ವರ್ಷದ ಪ್ರವಾಸಕ್ಕೆ ನೀವು ಮೂವರೂ ಬರುವುದಕ್ಕಾಗುವುದಿಲ್ಲ ಎಂದಿದ್ದೀಯ, ನಾಲ್ಕನೆಯದರಲ್ಲಿ ಯಜಮಾನರಿಗೆ ರಜೆ ಸಿಗುವುದಿಲ್ಲ ಎಂದು ಕಾರಣ ಕೊಟ್ಟಿದ್ದೀಯ. ಅಲ್ಲ ಕಣೇ, ನಿನ್ನ ಯಜಮಾನರದು ಸ್ವಂತ ಔಷಧಿ ಅಂಗಡಿ. ಬಾಗಿಲು ತೆಗೆಯುವವರು ಅವರೇ, ಹಾಕುವವರು ಅವರೇ. ಅವರಿಗೆ ರಜೆ ಕೊಡದೆ ಸತಾಯಿಸುತ್ತಿರುವ ಆ ಸಾಹೇಬ ಯಾರು? ವಿಳಾಸ ಕಳಿಸು, ನಾನು ಬಂದು ಮಾತಾಡುತ್ತೇನೆ.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಅದೂ ಊರ ಶಾಲೆಯಲ್ಲಿ, ಒಬ್ಬರೇ ಮೇಷ್ಟರ ಕೈಯಲ್ಲಿ. ಆದರೆ ಏಳನೆಯದನ್ನು ಮೂರು ಸಲ ಓದಿದ್ದೇನೆ, ಹಾಗಾಗಿ ಒಂದೇ ಸಲ ಓದಿ ಮುಂದಕ್ಕೆ ಹೋದವರಿಗಿಂತ ನನಗೆ ಚೆನ್ನಾಗಿ ಗೊತ್ತಿದೆ. ಸುಳ್ಳಿನ ಕಾಗದ ಯಾವಾಗಲೂ ಚಿಕ್ಕದಾಗಿರುತ್ತದೆ. ನಿನ್ನ ನಿಜವಾದ ಕಾಗದ ನಾಲ್ಕು ಪುಟಕ್ಕೆ ಕಡಿಮೆ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಆದ್ದರಿಂದ ಈಗ ಉದ್ದದ ಕಾಗದ ಬರೆಯುವ ಸರದಿ ನನ್ನದು. ನಿಮ್ಮತ್ತೆ ಇಣುಕಿ ನೋಡಿ, "ಯಾರಿಗೆ ಅಷ್ಟುದ್ದ? ಪುರಾಣ ಬರೀತಿದ್ದೀರಾ?" ಅಂತ ಕೇಳಿ ಹೋದಳು. ಹೌದು, ಪುರಾಣವೇ.

ಮೊದಲು ಒಳ್ಳೆಯ ಸುದ್ದಿ. ಮುಂದಿನ ತಿಂಗಳ ಎರಡನೇ ಭಾನುವಾರ ಸಮುದ್ರದ ದೀಪಸ್ತಂಭಕ್ಕೆ ಹೊರಟಿದ್ದೇವೆ. ಎಂದಿನಂತೆ ಎರಡು ವ್ಯಾನು. ಒಂದನ್ನು ನಿನ್ನ ಚಿಕ್ಕಮಾವ ಓಡಿಸುತ್ತಾನೆ. ತನ್ನ ಗ್ಯಾರೇಜಿನಲ್ಲಿ ಆ ವ್ಯಾನಿನ ಹೊಟ್ಟೆ ಬಿಚ್ಚಿ ಹಾಕಿ ಒಂದು ವಾರವಾಯಿತು, ಜೋಡಿಸಿದ ಮೇಲೆ ಎರಡು ನಟ್ಟು ಮಿಕ್ಕಿವೆಯಂತೆ. "ಮಿಕ್ಕಿದ್ರೆ ಒಳ್ಳೇದಲ್ವೇನಣ್ಣ, ಉಳಿತಾಯ" ಅನ್ನುತ್ತಾನೆ. ಅವನು ಕಳೆದ ಸಲ ದಾರಿ ತಪ್ಪಿಸಿ ನಮ್ಮನ್ನು ಇಟ್ಟಿಗೆ ಗೂಡಿನ ಒಳಕ್ಕೇ ಕರೆದುಕೊಂಡು ಹೋಗಿದ್ದು ನೆನಪಿದೆಯಲ್ಲ? ನಮ್ಮ ಮನೆಯಲ್ಲಿ ದಾರಿ ತಪ್ಪಿತು ಅಂತ ಯಾರೂ ಅನ್ನುವುದಿಲ್ಲ, ಹೊಸ ದಾರಿ ಸಿಕ್ಕಿತು ಅನ್ನುತ್ತೇವೆ. ಆ ಗೂಡಿನ ಕೆಲಸಗಾರರು ನಮ್ಮೆಲ್ಲರಿಗೂ ಕುಡಿಯಲು ನೀರು ಕೊಟ್ಟು, ಅಜ್ಜಿಗೆ ಕೂರಲು ಬಿಸಿ ಇಟ್ಟಿಗೆ ಕೊಟ್ಟು ಕಳಿಸಿದರು. ಯಾವ ಮನೆಯವರಿಗೆ ಸಿಗುತ್ತದೆ ಇಂಥ ಮರ್ಯಾದೆ? ನಮ್ಮ ಮನೆಯ ಕೆಳಗಿನ ಅಂಗಡಿಯ ಕ್ಷೌರಿಕನಿಗೆ ಈ ಕಥೆ ಹೇಳಿದಾಗಲೆಲ್ಲ ಅವನು ಕತ್ತರಿ ನಿಲ್ಲಿಸಿ ಕೇಳುತ್ತಾನೆ. ಅರ್ಧ ತಲೆಯ ಗಿರಾಕಿ ಬೈಯುತ್ತಿರುತ್ತಾನೆ.

ಟೋಪಿಯೂ ಒಗೆದು ಒಣಗಿ ತಯಾರಾಗಿದೆ. ನಿಮ್ಮತ್ತೆ ನನಗೆಂದು ಹೆಣೆದು, ಕೊನೆಗೆ ನೀರಿನ ಕೊಡಕ್ಕೂ ದೊಡ್ಡದಾದ ಕಿತ್ತಳೆ ಬಣ್ಣದ ಟೋಪಿ. ದಾರಿಯಲ್ಲಿ "ಇನ್ನೂ ಎಷ್ಟು ದೂರ?" ಎಂದು ಮೊದಲು ಕೇಳಿದವರ ತಲೆಗೆ ಅದು, ಇನ್ನೊಬ್ಬರು ಕೇಳುವ ತನಕ. ನಿನ್ನ ಅಮ್ಮ, ನನ್ನ ಅಕ್ಕ, ಕಳೆದ ಸಲ ಅದನ್ನು ಮೂರು ಗಂಟೆ ಹಾಕಿಕೊಂಡಿದ್ದಳು. ದಾರಿಹೋಕರು ಅವಳನ್ನು ಯಾವುದೋ ನಾಟಕದ ಕಂಪನಿಯವಳೆಂದುಕೊಂಡರು. ಅವಳೂ ಕೈ ಬೀಸಿದಳು.

ಎಲ್ಲ ತಯಾರಿದೆ. ನೀವು ಮೂವರು ಇಲ್ಲ, ಅಷ್ಟೆ. ಈಗ ಜಗಳಕ್ಕೆ ಬರುತ್ತೇನೆ. ನೀನು ಯಾಕೆ ಬರುವುದಿಲ್ಲ ಅಂತ ನನಗೆ ಗೊತ್ತು. ನಿನ್ನ ಗಂಡನಿಗೂ ಗೊತ್ತು. ನಮ್ಮಿಬ್ಬರಿಗಿಂತ ಚೆನ್ನಾಗಿ ನಿಮ್ಮ ಮನೆಯ ಆ ಪುಟ್ಟ ಹುಡುಗಿ ಪೆನ್ಸಿಲ್‌ಗೆ ಗೊತ್ತು.

ನಮ್ಮ ಎಣಿಕೆಯ ವಿಷಯ ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಅದನ್ನು ಶುರು ಮಾಡಿದವನು ನಾನು, ಹೇಳುವಾಗ ನನಗೆ ಖುಷಿ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಒಬ್ಬನೇ ಒಬ್ಬ ಪ್ರಯಾಣಿಕನನ್ನು ಹಿಂದೆ ಬಿಟ್ಟು ಬಂದವನಲ್ಲ. ಕೆಲಸಕ್ಕೆ ಸೇರಿದ ವರ್ಷವೇ ಮನೆಯವರ ಪ್ರವಾಸಕ್ಕೂ ಅದೇ ಶಿಸ್ತು ತಂದೆ. ಮನೆಗೆ ಬಂದ ಕ್ರಮದಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಂಬರು, ಹುಟ್ಟಿ ಬಂದರೂ ಸರಿ, ಮದುವೆಯಾಗಿ ಬಂದರೂ ಸರಿ. ಕೊಟ್ಟ ನಂಬರು ಜೀವ ಇರುವ ತನಕ ಬದಲಾಗುವುದಿಲ್ಲ, ಹೋದಮೇಲೂ ಇನ್ನೊಬ್ಬರಿಗೆ ಕೊಡುವುದಿಲ್ಲ. ಹೊರಡುವ ಮುಂಚೆ ನಾನು ಸೀಟಿ ಊದುತ್ತೇನೆ, ಎಲ್ಲರೂ ಸರದಿಯಂತೆ ತಮ್ಮ ನಂಬರು ಕೂಗಬೇಕು, ಕೊನೆಯದು ಬಂದಮೇಲೆ ನಾನು "ರೈಟ್!" ಅನ್ನುತ್ತೇನೆ, ವ್ಯಾನು ಹೊರಡುತ್ತದೆ. ನನ್ನ ಅಪ್ಪ ಒಂದು. ಅವರು ಹೋದಮೇಲೆ ಆ ಒಂದನ್ನು ನಾವೆಲ್ಲ ಸೇರಿ ಕೂಗುತ್ತೇವೆ. ಅಷ್ಟು ಜೋರಾಗಿ ಕೂಗುತ್ತೇವೆಂದರೆ ಅವರು ಇದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಜ್ಜಿ ಎರಡು, ಒಂದು ಮುಗಿಯುವ ಮೊದಲೇ "ಎರಡೂ" ಅಂದುಬಿಡುತ್ತಾಳೆ, ಗಂಡನ ಹಿಂದೆ ಅಷ್ಟು ಅಂಟಿಕೊಂಡೇ ನಡೆದವಳು. ನೀನು ಹನ್ನೊಂದು. ನಿನ್ನ ಯಜಮಾನರು ಹದಿನೇಳು. ನನಗೆ ನಂಬರಿಲ್ಲ. ಎಣಿಸುವವನಿಗೆ ನಂಬರಿಲ್ಲ. ಕಂಡಕ್ಟರು ತನಗೆ ತಾನೇ ಟಿಕೆಟ್ಟು ಹರಿಯುತ್ತಾನೆಯೇ?

ಆ ಹದಿನೇಳನ್ನು ನಿನ್ನ ಮದುವೆಯ ದಿನ ಮೈಕಿನಲ್ಲಿ ಘೋಷಿಸಿದ್ದು ನಾನೇ. ಏನು ಚಪ್ಪಾಳೆ! ಆವತ್ತು ಅವರ ಕೈ ಹಿಡಿದುಕೊಂಡು ಅವರ ಮಗಳೂ ನಿಂತಿದ್ದಳು. ಎಂಟು ವರ್ಷದ ಕಡ್ಡಿಯಂಥ ಹುಡುಗಿ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲು. ಹೆತ್ತ ತಾಯಿಯನ್ನು ಕಳೆದುಕೊಂಡ ಮಗು ಅಂತ ಎಲ್ಲರೂ ಅವಳ ಹತ್ತಿರ ಪಿಸುಗುಟ್ಟುವ ಧ್ವನಿಯಲ್ಲಿ ಮಾತಾಡುತ್ತಿದ್ದರು. ನಾನೊಬ್ಬನೇ ಗಟ್ಟಿಯಾಗಿ "ಏ ಪೆನ್ಸಿಲ್" ಅಂದೆ, ಅವಳು ನಕ್ಕಳು, ಹೆಸರು ನಿಂತಿತು. ಮದುವೆಯ ಹಿಂದಿನ ದಿನ ಕುರ್ಚಿಗಳಿಗೆ ನಂಬರಿನ ರಟ್ಟು ಬರೆದವಳು ಅವಳೇ. ಅವಳ ಎಂಟನ್ನು ನೋಡಿದ್ದೀಯಾ? ಒಂದು ಸೊನ್ನೆಯ ಮೇಲೆ ಇನ್ನೊಂದು ಸೊನ್ನೆ, ಮೇಲಿನದಕ್ಕೆ ಎರಡು ಕಣ್ಣು, ಒಂದು ನಗು. "ಎಂಟು ಅಂದ್ರೆ ಒಬ್ರು ಮನುಷ್ಯರು ಸೀಟಿ ಅಜ್ಜ, ಬಾಕಿ ನಂಬರಿಗೆ ಹೊಟ್ಟೆನೇ ಇಲ್ಲ" ಅಂತ ನನಗೆ ವಿವರಿಸಿದಳು. ಸೀಟಿ ಅಜ್ಜ ಅಂತ ನನಗೆ ಹೆಸರಿಟ್ಟವಳೂ ಅವಳೇ. ಇಲ್ಲಿಯವರೆಗೆ ನನ್ನನ್ನು ಅಜ್ಜ ಅಂದವರ ಜೊತೆಗೆಲ್ಲ ನಾನು ಎರಡು ದಿನ ಮಾತು ಬಿಟ್ಟಿದ್ದೇನೆ.

ಮದುವೆಯ ದಿನವೇ ಅವಳಿಗೂ ನಂಬರು ಕೊಡಬೇಕಿತ್ತು. ಯಾಕೆ ಕೊಡಲಿಲ್ಲ ಅಂತ ನಿನ್ನ ಅಮ್ಮ ಆಮೇಲೆ ನೂರು ಸಲ ಕೇಳಿದಳು. "ಮರೆತೆ" ಅಂದೆ. ಅದು ಸುಳ್ಳು. ಒಂದೇ ದಿನ ಎರಡು ನಂಬರು ಕೊಟ್ಟರೆ ಚಪ್ಪಾಳೆ ಹಂಚಿಹೋಗುತ್ತದೆ ಅಂತ ಎತ್ತಿಟ್ಟುಕೊಂಡೆ. ಎರಡು ತಿಂಗಳಲ್ಲಿ ಪ್ರವಾಸ ಇತ್ತಲ್ಲ. ಅಣೆಕಟ್ಟಿನ ಪಕ್ಕದ ಗೋಪುರದ ತುದಿಯಲ್ಲಿ, ಎಲ್ಲರ ಮುಂದೆ, ನೀರು ಬೆಟ್ಟ ಎಲ್ಲ ಸಾಕ್ಷಿಯಾಗಿ, ಸೀಟಿ ಊದಿ ಕೊಡೋಣ ಅಂತ ನನ್ನ ತಲೆಯಲ್ಲೇ ದೊಡ್ಡ ಸಮಾರಂಭ ಕಟ್ಟಿಕೊಂಡೆ.

ಆ ದಿನ ನಡೆದದ್ದರಲ್ಲಿ ನಿನಗೆ ಗೊತ್ತಿರುವಷ್ಟು ಇದು. ಸಂಜೆ ಮೋಡ ಕವಿಯಿತು, ಎಲ್ಲರೂ ಗಡಿಬಿಡಿಯಲ್ಲಿ ವ್ಯಾನು ಹತ್ತಿದರು. ನೀನು ಮೊದಲ ವ್ಯಾನಿನಲ್ಲಿ ಕೂತೆ, ಪೆನ್ಸಿಲ್ ಮಕ್ಕಳ ಜೊತೆ ಚಿಕ್ಕಮಾವನ ವ್ಯಾನಿನಲ್ಲಿದ್ದಾಳೆ ಅಂದುಕೊಂಡೆ. ಚಿಕ್ಕಮಾವ ಅವಳು ನಿನ್ನ ಹತ್ತಿರ ಇದ್ದಾಳೆ ಅಂದುಕೊಂಡ. ನೀನು ಕಿಟಕಿಯಿಂದ ತಲೆ ಹಾಕಿ ನನ್ನನ್ನೇ ಕೇಳಿದೆ, "ಎಲ್ರೂ ಬಂದ್ರಾ ಮಾವ?" ಅಂತ. "ನನ್ನ ಎಣಿಕೆ ತಪ್ಪಿದ್ದುಂಟೇನೇ?" ಅಂದೆ. ಹದಿನೇಳು ನಂಬರೂ ಬಂದಿದ್ದವು. "ರೈಟ್!" ಅಂದೆ.

ಹನ್ನೊಂದು ಕಿಲೋಮೀಟರು ದಾಟಿ ಟೀ ಅಂಗಡಿಯ ಮುಂದೆ ನಿಂತಾಗ ನೀನು ಸ್ವೆಟರು ಹಿಡಿದುಕೊಂಡು ಎರಡನೇ ವ್ಯಾನಿನ ಹತ್ತಿರ ಹೋದೆ. ಅಲ್ಲಿಂದ ನಿನ್ನ ಮುಖ ಹೇಗೆ ತಿರುಗಿತೋ, ಅದನ್ನು ನಾನು ಬರೆಯುವುದಿಲ್ಲ. ಬರೆಯಬೇಕಾದದ್ದು ನಾನು ಮಾಡಿದ್ದು. ನಾನು ಏನು ಮಾಡಿದೆ? ವಾದ ಮಾಡಿದೆ. ಟೀ ಅಂಗಡಿಯ ಮುಂದೆ ನಿಂತು, "ಹದಿನೇಳೂ ಸರಿ ಇತ್ತು! ಬೇಕಾದ್ರೆ ಇನ್ನೊಂದ್ಸಲ ಎಣಿಸಿ!" ಅಂತ ಕೂಗಿದೆ. ಆಗ ನಿನ್ನ ಯಜಮಾನರು, ಔಷಧಿಯ ಚೀಟಿ ಓದುವ ಆ ಮೆತ್ತಗಿನ ಧ್ವನಿಯಲ್ಲೇ, "ಎಣಿಕೆ ಸರಿಯಾಗೇ ಇತ್ತು ಮಾವ. ಅವಳು ಅದರಲ್ಲಿ ಇರಲಿಲ್ಲ, ಅಷ್ಟೇ" ಅಂದರು.

ನನಗೆ ಜೀವಮಾನದಲ್ಲಿ ಬೈದವರು ಬಹಳ. ಚಿಲ್ಲರೆ ಇಲ್ಲ ಅಂದದ್ದಕ್ಕೆ ಬಸ್ಸಿನಲ್ಲಿ ನನ್ನ ಏಳು ತಲೆಮಾರನ್ನು ಜಾಲಾಡಿದವರಿದ್ದಾರೆ. ಯಾರ ಮಾತೂ ಒಂದು ಸ್ಟಾಪು ದಾಟಿ ನನ್ನ ಜೊತೆ ಬಂದಿದ್ದಿಲ್ಲ. ಇದೊಂದು ಹನ್ನೊಂದು ತಿಂಗಳಿಂದ ಇಳಿಯದೆ ಕೂತಿದೆ.

ವಾಪಸ್ಸು ಹೋದಾಗ ಅವಳು ಕಾವಲುಗಾರನ ಸ್ಟೂಲಿನ ಮೇಲೆ ಕೂತು ಅವನು ಕೊಟ್ಟ ಕಿತ್ತಳೆ ಸುಲಿಯುತ್ತಿದ್ದಳು. ಅಳುತ್ತಿರಲಿಲ್ಲ. ನೀನು ಅವಳನ್ನು ಎತ್ತಿಕೊಂಡು ವ್ಯಾನಿಗೆ ಹೋದೆ. ನಾನು ಹಿಂದೆ ಉಳಿದು ಆ ಕಾವಲುಗಾರನಿಗೆ ಕೈ ಮುಗಿದೆ. ಅವನೊಂದು ಮಾತು ಹೇಳಿದ, ಅದನ್ನು ಇವತ್ತಿನ ತನಕ ನಾನು ಯಾರಿಗೂ ಹೇಳಿಲ್ಲ. ಅವನು ಗಾಬರಿಯಾಗಿ, "ನಿಮ್ಮೋರು ಬಿಟ್ಟು ಹೋದ್ರಲ್ಲ ಮಗು!" ಅಂದನಂತೆ. ಅದಕ್ಕೆ ಇವಳು, "ಬರ್ತಾರೆ. ನಮ್ಮೋರು ಎಣಿಸ್ತಾರೆ" ಅಂದಳಂತೆ.

ನಮ್ಮೋರು. ಎರಡು ತಿಂಗಳ ಹಿಂದೆ ಬಂದ ಮಗು. ಚಿನಕುರುಳಿ, ನಮ್ಮ ಮನೆಯ ಬಗ್ಗೆ ನಾನು ಊರೆಲ್ಲ ಕೊಚ್ಚಿಕೊಂಡಿದ್ದೇನೆ. ಆದರೆ ನಮ್ಮ ಬಗ್ಗೆ ಇಷ್ಟು ದೊಡ್ಡ ಮಾತನ್ನು ನಾನೂ ಆಡಿರಲಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ್ದು. ಕಾಫಿ ಪಕ್ಕಕ್ಕಿಟ್ಟು ಓದು.

ಮಗು ಆಟವಾಡುತ್ತ ಮೇಲೆ ಉಳಿದುಕೊಂಡಿತು ಅಂತ ನೀವೆಲ್ಲ ಅಂದುಕೊಂಡಿರಿ. ನೀನು ಅವಳಿಗೆ ಸ್ವಲ್ಪ ಗದರಿಸಿದೆ ಕೂಡ, ಹೇಳದೆ ಕೇಳದೆ ಯಾಕೆ ಹೋಗಿದ್ದೆ ಅಂತ. ಅವಳು "ನೋಡ್ತಾ ಇದ್ದೆ" ಅಂದಳು, ಅಷ್ಟೇ. ಅವಳು ಆಟವಾಡುತ್ತಿರಲಿಲ್ಲ. ಆವತ್ತು ಬೆಳಿಗ್ಗೆ ಮೊದಲ ಎಣಿಕೆ ಆದಮೇಲೆ ಅವಳು ನನ್ನ ಅಂಗಿ ಜಗ್ಗಿ, "ನನ್ನ ನಂಬರ್ ಯಾವ್ದು?" ಅಂತ ಕೇಳಿದಳು. "ಈಗಲ್ಲ, ಸಂಜೆ ಗೋಪುರದ ಮೇಲೆ, ಎಲ್ರ ಮುಂದೆ ಕೊಡ್ತೀನಿ, ಯಾರಿಗೂ ಹೇಳ್ಬೇಡ" ಅಂದೆ. ಇಡೀ ದಿನ ಅವಳು ಬಾಯಿ ಬಿಗಿದುಕೊಂಡು ತಿರುಗಿದಳು. ಗೋಪುರಕ್ಕೆ ನೂರಹನ್ನೆರಡು ಮೆಟ್ಟಿಲು. ಅರವತ್ತನೆಯದರಲ್ಲಿ ನನ್ನ ಮಂಡಿ ಮುಷ್ಕರ ಹೂಡಿತು. ಮಂಡಿ ನೋವು ಅಂತ ಹೇಳಿದರೆ ನನ್ನ ಮರ್ಯಾದೆ ಏನಾಗಬೇಕು? "ನೋಟ ಅಂದ್ರೆ ಅರವತ್ತನೇ ಮೆಟ್ಟಿಲಿಂದ, ಮೇಲೆ ಬರೀ ಗಾಳಿ" ಅಂತ ಘೋಷಿಸಿ ಅಲ್ಲೇ ಕೂತೆ. ನೀವೆಲ್ಲ ನೋಡಿಕೊಂಡು ಇಳಿಯುತ್ತಿದ್ದಿರಿ, ಅವಳು ಮಾತ್ರ ಹತ್ತುತ್ತಿದ್ದಳು. ನನ್ನ ಪಕ್ಕ ನಿಂತು, "ಬನ್ನಿ ಸೀಟಿ ಅಜ್ಜ, ಮೇಲೆ ಕಾಯ್ತಿರ್ತೀನಿ" ಅಂದಳು.

ನಾನು "ನಡಿ, ಬಂದೆ" ಅಂದೆ.

ಎರಡು ಪದ. ಅಂದು, ಕೆಳಗಿಳಿದೆ. ಕೆಳಗೆ ಟೋಪಿಗಾಗಿ ನಿನ್ನ ಅಮ್ಮನಿಗೂ ಚಿಕ್ಕಮಾವನಿಗೂ ಪಂಚಾಯಿತಿ ನಡೆದಿತ್ತು, ನಾನು ನ್ಯಾಯ ಹೇಳುವುದಕ್ಕೆ ನಿಂತೆ, ಮೋಡ ಬಂತು, ಸೀಟಿ ಊದಿದೆ, ಮರೆತೆ. ಇದು ನಿಜವಾದ ಮರೆವು. ಅವಳು ಮೇಲೆ ಸಮಾರಂಭಕ್ಕೆ ಕಾಯುತ್ತಿದ್ದಳು. ನಾನು ಹೇಳಿದ ಜಾಗದಲ್ಲಿ, ನಾನು ಹೇಳಿದ್ದಕ್ಕೆ.

ಹನ್ನೊಂದು ತಿಂಗಳಾಯಿತು, ಅವಳು ನಿಮಗೆ ಹೇಳಿಲ್ಲ ಅಲ್ಲವೇ? ಹೇಳಿದ್ದರೆ ನಿನ್ನ ಕಾಗದ ನಾಲ್ಕು ಸಾಲಿನದಾಗಿರುತ್ತಿರಲಿಲ್ಲ, ನೀನೇ ಬಂದು ನನ್ನ ಮೀಸೆ ಕೀಳುತ್ತಿದ್ದೆ. ಯಾರಿಗೂ ಹೇಳಬೇಡ ಅಂದಿದ್ದೆನಲ್ಲ, ಅದಕ್ಕೆ ಹೇಳಿಲ್ಲ. ಅರವತ್ತಾರು ವರ್ಷದವನು ಎರಡು ಪದ ಉಳಿಸಿಕೊಳ್ಳಲಿಲ್ಲ, ಎಂಟು ವರ್ಷದವಳು ಹನ್ನೊಂದು ತಿಂಗಳು ಮಾತು ಉಳಿಸಿಕೊಂಡಿದ್ದಾಳೆ. ಇಂಥವಳು ನಮ್ಮ ಮನೆಯವಳು ಅಂತ ನಾನು ಕ್ಷೌರಿಕನ ಅಂಗಡಿಯಲ್ಲಿ ಹೇಳಿಕೊಳ್ಳಬೇಡವೇ? ಹೇಳಿಕೊಳ್ಳಬೇಕಾದರೆ ಅವಳು ಬರಬೇಕಲ್ಲ!

ಇನ್ನೊಂದು ಕಥೆ. ಇದು ನಿನಗೆ ಗೊತ್ತಿರುವ ಕಥೆಯೇ, ಆದರೆ ನಾನು ಹೇಳಿದ ರೀತಿಯಲ್ಲಿ ಗೊತ್ತು. ದೋಣಿ ಕಟ್ಟೆಯಲ್ಲಿ ನೀವೆಲ್ಲ ನನ್ನನ್ನು ಬಿಟ್ಟು ಹೋದದ್ದು. "ನನ್ನನ್ನ ಎಷ್ಟು ಹೊತ್ತಿಗೆ ನೆನೆಸ್ಕೋತೀರಿ ಅಂತ ಪರೀಕ್ಷೆ ಮಾಡೋಕೆ ಬೇಕಂತಲೇ ಉಳ್ಕೊಂಡೆ" ಅಂತ ಇಪ್ಪತ್ತೆರಡು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ನಡೆದದ್ದು ಇಷ್ಟು. ಎಲ್ಲರ ನಂಬರೂ ಬಂತು. ನಾನು ಹೊರಗಿನಿಂದಲೇ "ರೈಟ್!" ಅಂದೆ. ಅಂದಮೇಲೆ ಚಪ್ಪಲಿಯ ಪಟ್ಟಿ ಕಿತ್ತುಹೋಗಿದ್ದು ಕಂಡಿತು, ಬಗ್ಗಿದೆ. ರೈಟ್ ಅಂದಮೇಲೆ ಯಾವ ಡ್ರೈವರು ನಿಲ್ಲುತ್ತಾನೆ? ನನ್ನ ಬಾಯಿಂದಲೇ ನನ್ನನ್ನು ಬಿಟ್ಟು ಹೋಗಿ ಅಂತ ಅಪ್ಪಣೆ ಕೊಟ್ಟಿದ್ದೆ. ಒಬ್ಬರೂ ಕಡಿಮೆ ಇರಲಿಲ್ಲ, ಯಾಕೆಂದರೆ ಎಣಿಸುವವನಿಗೆ ನಂಬರಿಲ್ಲ. ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು ಒಂದು ಗಂಟೆ ಆ ಕಟ್ಟೆಯ ಮೇಲೆ ನಿಂತಿದ್ದೆ. ಚಿನಕುರುಳಿ, ನಾನು ಅತ್ತೆ. ಸಣ್ಣದಾಗಿ ಅಲ್ಲ. ಹುಟ್ಟುಹಾಕುವವನೊಬ್ಬ ತನ್ನ ಟವೆಲ್ಲು ಕೊಟ್ಟ. ನಲವತ್ತು ದಾಟಿದ್ದ, ಮೀಸೆ ಇದ್ದ, ಸರ್ಕಾರಿ ಸೀಟಿ ಇದ್ದ ಗಂಡಸು, ಇವರು ಬರುತ್ತಾರೋ ಇಲ್ಲವೋ ಅಂತ ಅತ್ತೆ.

ಆಗ ವ್ಯಾನಿನಲ್ಲಿ ನಾನಿಲ್ಲ ಅಂತ ಕಂಡುಹಿಡಿದದ್ದು ಯಾರು ಗೊತ್ತಾ? ನೀನು. ಆರು ವರ್ಷದವಳು. "ಮಾವ ಯಾಕೆ ಇವತ್ತು ಏನೂ ಮಾತಾಡ್ತಿಲ್ಲ?" ಅಂದೆಯಂತೆ. ಆಗ ಎಲ್ಲರೂ ತಿರುಗಿ ನೋಡಿದರಂತೆ. ನನ್ನ ಬಾಯಿ ಇಲ್ಲದ್ದು ಬೇಗ ಗೊತ್ತಾಗುತ್ತದೆ. ಪೆನ್ಸಿಲ್ ಮಾತು ಕಡಿಮೆಯ ಮಗು. ಅವಳು ಇಲ್ಲದ್ದು ಗೊತ್ತಾಗಲು ನಂಬರೇ ಬೇಕಿತ್ತು. ನಂಬರು ನನ್ನ ಜೇಬಿನಲ್ಲಿತ್ತು.

ಈಗ ನಾನು ಮಾಡಿರುವ ವ್ಯವಸ್ಥೆ ಕೇಳು. ಈ ಕಾಗದದ ಜೊತೆ ಒಂದು ಡಬ್ಬಿ ಬರುತ್ತದೆ. ಅದರಲ್ಲಿ ನನ್ನ ಸೀಟಿ ಇದೆ. ಹೌದು, ಅದೇ ಹಿತ್ತಾಳೆ ಸೀಟಿ, ನಿವೃತ್ತಿಯ ದಿನ ಡಿಪೋದವರು ಹಿಂದಕ್ಕೆ ಕೇಳದೆ ನನಗೇ ಬಿಟ್ಟಿದ್ದು, ಮನೆಯಲ್ಲಿ ಯಾರನ್ನೂ ಮುಟ್ಟಲು ಬಿಡದೆ ಇದ್ದದ್ದು. ನಿಮ್ಮತ್ತೆ ಅದನ್ನು ಬೂದಿ ಹಾಕಿ ತಿಕ್ಕಿ ಹೊಳೆಸಿದ್ದಾಳೆ. ಇನ್ನು ಮೇಲೆ ಎಣಿಸುವವಳು ಪೆನ್ಸಿಲ್. ಹೊಸ ಕಾನೂನು ಕೂಡ ಆಗಿದೆ. ಎಣಿಸುವವರಿಗೂ ನಂಬರು ಉಂಟು, ಅವರು ತಮ್ಮ ನಂಬರನ್ನೇ ಮೊದಲು ಕೂಗಬೇಕು, ಆಮೇಲೆ ಬಾಕಿಯವರು. ಸರ್ವಾನುಮತದಿಂದ ಪಾಸಾಯಿತು. ಅಂದರೆ ನಿಮ್ಮತ್ತೆ "ಆಗಲಿ" ಅಂದಳು. ಅಜ್ಜಿ ಒಂದು ತಿದ್ದುಪಡಿ ತಂದಳು, "ಆ ಮಗು ಮೊದಲು, ಆಮೇಲೆ ಅವರು, ಆಮೇಲೆ ನಾನು. ಇವನು ಕೊನೇಲಿ" ಅಂತ. ಅದೂ ಪಾಸಾಯಿತು.

ಪೆನ್ಸಿಲ್‌ನ ನಂಬರು ಹದಿನೆಂಟು. ಅದನ್ನು ನಾನು ಗೋಪುರದ ಮೇಲೂ ಕೊಡುವುದಿಲ್ಲ, ದೀಪಸ್ತಂಭದ ಮೇಲೂ ಕೊಡುವುದಿಲ್ಲ, ಮೈಕಿನಲ್ಲೂ ಕೊಡುವುದಿಲ್ಲ. ಇಗೋ, ಈ ಕಾಗದದಲ್ಲೇ ಕೊಟ್ಟಿದ್ದೇನೆ. ನೀನು ಬಂದರೂ ಬರದಿದ್ದರೂ ಅದು ಅವಳದೇ. ಇದನ್ನು ಓದಿದ ಕೂಡಲೇ ಅವಳಿಗೆ ಹೇಳು. ಚಪ್ಪಾಳೆ ಬೇಡ.

ಬರುವುದು ಬಿಡುವುದು ನಿಮ್ಮಿಷ್ಟ, ನಾನು ಬಲವಂತ ಮಾಡುವವನಲ್ಲ. ಸುಮ್ಮನೆ ಒಂದು ವಿಷಯ ಮಾತ್ರ ತಿಳಿಸುತ್ತೇನೆ. ಸೀಟಿ ಇಲ್ಲದೆ ನಮ್ಮ ವ್ಯಾನು ಹೊರಡುವುದಿಲ್ಲ. ಸೀಟಿ ನಿಮ್ಮ ಮನೆಯಲ್ಲಿದೆ. ಎರಡನೇ ಭಾನುವಾರ ಬೆಳಿಗ್ಗೆ ಆರಕ್ಕೆ ಅಜ್ಜಿಯಾದಿಯಾಗಿ ಎಲ್ಲರೂ ವ್ಯಾನಿನಲ್ಲಿ ಕೂತಿರುತ್ತೇವೆ. ನೀವು ಬರದಿದ್ದರೆ ಸಂಜೆಯವರೆಗೂ ಕೂತಿರುತ್ತೇವೆ, ಅಲ್ಲೇ ಊಟ ಬಿಚ್ಚುತ್ತೇವೆ, ಯಾರಾದರೂ "ಇನ್ನೂ ಎಷ್ಟು ದೂರ?" ಅಂತ ಕೇಳಿ ಟೋಪಿ ಹಾಕಿಸಿಕೊಳ್ಳುತ್ತಾರೆ. ದಾರಿಹೋಕರು ನೋಡಿ ನಗಲಿ. ನಮಗೇನು, ಅಭ್ಯಾಸವಿದೆ.

ನಿನ್ನ ಯಜಮಾನರಿಗೆ ಒಂದು ಮಾತು ಹೇಳು. ಅವರು ಆವತ್ತು ಹೇಳಿದ್ದು ಸರಿ, ನಾನು ಕೂಗಿದ್ದು ತಪ್ಪು. ಇದನ್ನು ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಬರೆಯಲು ಬರುತ್ತದೆ. ಮೂರು ಸಲ ಏಳನೇ ಕ್ಲಾಸು ಓದಿದ್ದು ಇದಕ್ಕಾದರೂ ಉಪಯೋಗಕ್ಕೆ ಬಂತು.

ಇಷ್ಟು ಬರೆದು ಕೈ ನೋಯುತ್ತಿದೆ, ಆದರೆ ಎದೆ ಹಗುರಾಗಿದೆ.

ಇಂತು,
ನಿನ್ನ ದೊಡ್ಡಮಾವ
ಮನೆಗೆ ಹೊಸದಾಗಿ ಸೇರಿದ, ನಂಬರ್ ಹತ್ತೊಂಬತ್ತು

ಮರೆತಿದ್ದು: ಹೋದ ಮಂಗಳವಾರ ಮಂಡಿ ತೋರಿಸಿಕೊಂಡು ಬರುತ್ತೇನೆ ಅಂತ ನಿಮ್ಮತ್ತೆಗೆ ಹೇಳಿ ಮನೆ ಬಿಟ್ಟೆ. ಆಸ್ಪತ್ರೆಗೆ ಹೋಗಲಿಲ್ಲ. ಬಸ್ಸು ಹತ್ತಿ ಆ ಗೋಪುರಕ್ಕೆ ಹೋದೆ. ನೂರಹನ್ನೆರಡು ಮೆಟ್ಟಿಲನ್ನೂ ಹತ್ತಿದೆ, ನಾಲ್ಕು ಕಡೆ ಕೂತು, ಒಂದು ಕಡೆ ದೇವರನ್ನು ಬೈದು. ಕಾಯುತ್ತಿರುತ್ತೇನೆ ಅಂದಿದ್ದಳಲ್ಲ, ತಡವಾಗಿಯಾದರೂ ಹೋಗಬೇಕಿತ್ತು. ಅಲ್ಲಿಂದ ನೋಡಿದರೆ ರಸ್ತೆ ಆ ಕೊನೆಯ ತಿರುವಿನವರೆಗೂ ಕಾಣುತ್ತದೆ ಕಣೇ, ಎರಡು ವ್ಯಾನು ಹೋದರೆ ಬಹಳ ಹೊತ್ತು ಕಾಣುತ್ತದೆ. ಒಳಗಡೆ, ಮಳೆ ತಾಗದ ಗೋಡೆಯ ಮೇಲೆ ಜನ ತಮ್ಮ ತಮ್ಮ ಹೆಸರು ಗೀಚಿದ್ದಾರೆ. ಅವುಗಳ ಕೆಳಗೆ, ಮಗುವಿನ ಭುಜದ ಎತ್ತರದಲ್ಲಿ, ಪೆನ್ಸಿಲಿನಲ್ಲಿ ಸಣ್ಣಗೆ ಬರೆದದ್ದೊಂದಿದೆ. ಮೊದಲು ಒಂದು, ಪಕ್ಕದಲ್ಲಿ ಎಂಟು. ಎಂಟಿಗೆ ಎರಡು ಕಣ್ಣು, ಒಂದು ನಗು. ನಾನು ಕೊಡುವ ಮೊದಲೇ ಅವಳು ಎಣಿಸಿಕೊಂಡಿದ್ದಳು.